ಸಮತಲ ಪೊರೆಯ ಹೆಡ್‌ಫೋನೂ ಅದಕ್ಕೊಪ್ಪುವ ಆಂಪ್ಲಿಫೈಯರೂ

ವಿದ್ಯುತ್ಪ್ರವಾಹವುಳ್ಳ ತಂತಿಯನ್ನು ಅಯಸ್ಕಾಂತದ ಎರಡು ಧ್ರುವಗಳ ನಡುವೆ ಇಟ್ಟರೆ ಆ ತಂತಿಯು ತಾನಾಗಿಯೇ ಪಕ್ಕಕ್ಕೆ ಸರಿಯುತ್ತದೆಂಬುದನ್ನು ಪ್ರೌಢಶಾಲೆಯ ವಿದ್ಯಾರ್ಥಿಗಳೆಲ್ಲರೂ ಓದಿರುತ್ತಾರೆ. ಎಡಗೈಯ ಮೂರು ಬೆರಳುಗಳನ್ನು ಪರಸ್ಪರ ಲಂಬವಾಗಿ ಚಾಚಿ ಫ್ಲೆಮಿಂಗನ ನಿಯಮವನ್ನು ಒಪ್ಪಿಸಿ ಅಂಕಗಳನ್ನು ಗಳಿಸಿದವರೂ ಅನೇಕರಿರಬಹುದು. ಆದರೆ ಪರೀಕ್ಷೆ ಮುಗಿದ ಮೇಲೆ ಈ ನಿಯಮವು ನಿತ್ಯಜೀವನದಲ್ಲಿ ಎಲ್ಲಿ ಕೆಲಸ ಮಾಡುತ್ತಿದೆಯೆಂದು ವಿಚಾರಿಸುವವರು ವಿರಳ. ಸಂಗೀತ ಕೇಳುವುದಕ್ಕಾಗಿ ಕಿವಿಗೆ ಏರಿಸಿಕೊಳ್ಳುವ ಹೆಡ್‌ಫೋನು ಈ ನಿಯಮದ ಒಂದು ಸುಂದರವಾದ ಉದಾಹರಣೆ.

ಹೆಡ್‌ಫೋನುಗಳಲ್ಲಿ ಪ್ಲಾನರ್ ಮ್ಯಾಗ್ನೆಟಿಕ್ ಎಂಬ ಒಂದು ಜಾತಿಯುಂಟು. ಅದರ ವಿಷಯದಲ್ಲಿ ಹಬ್ಬಿರುವ ಮಾತುಗಳು ಬಹಳ. ಅದಕ್ಕೆ ಭಾರಿ ಆಂಪ್ಲಿಫೈಯರು ಇಲ್ಲದಿದ್ದರೆ ಜೀವವೇ ಬರುವುದಿಲ್ಲವೆಂದು ಕೆಲವರು ಹೇಳುತ್ತಾರೆ; ಆಂಪ್ಲಿಫೈಯರು ಬದಲಾದರೆ ಗಾಯಕನ ಕಂಠವೇ ಬದಲಾಗುತ್ತದೆಂದು ಮತ್ತೆ ಕೆಲವರು. ನಮ್ಮ ಶಾಲೆಗಳಲ್ಲಿ ಓದಿ ಉದ್ಯೋಗಕ್ಕಾಗಿ ನಗರಗಳನ್ನು ಸೇರಿದ ತರುಣರು ಇಂತಹ ಮಾತುಗಳನ್ನು ನಂಬಿ, ಬೆವರು ಸುರಿಸಿ ಗಳಿಸಿದ ತಿಂಗಳ ಸಂಬಳವನ್ನು ಬೇಡದ ಪೆಟ್ಟಿಗೆಯೊಂದಕ್ಕೆ ಸುರಿಯುವ ಸಂಭವವಿದೆ. ಹಣಕ್ಕಿಂತಲೂ ಅಮೂಲ್ಯವಾದ ಶ್ರವಣಶಕ್ತಿಯನ್ನು ಕಳೆದುಕೊಳ್ಳುವ ಭಯವೂ ಇದೆ. ಆದುದರಿಂದ ಈ ವಿಷಯದಲ್ಲಿ ಯಾವುದು ನಿಜ, ಯಾವುದು ಊಹೆ ಎಂಬುದನ್ನು ಶಾಲೆಯಲ್ಲಿ ಕಲಿತ ಗಣಿತ ಮತ್ತು ಭೌತಶಾಸ್ತ್ರಗಳ ನೆರವಿನಿಂದಲೇ ನಾವು ಇಲ್ಲಿ ಪರಿಶೀಲಿಸೋಣ.

೧. ಯಂತ್ರದ ರಚನೆ

ಸಾಮಾನ್ಯವಾದ ಹೆಡ್‌ಫೋನಿನಲ್ಲಿ ತೆಳುವಾದ ತಂತಿಯ ಒಂದು ಸಣ್ಣ ಸುರುಳಿಯಿರುತ್ತದೆ. ಅಯಸ್ಕಾಂತದ ಕಿರಿದಾದ ಸಂದಿಯಲ್ಲಿ ಅದು ತೂಗಾಡುತ್ತದೆ. ಸುರುಳಿಗೆ ಅಂಟಿಸಿದ ಪೊರೆಯು ಅದರೊಡನೆ ಹಿಂದು ಮುಂದಾಗಿ ಗಾಳಿಯನ್ನು ಅಲುಗಿಸುತ್ತದೆ. ಇಲ್ಲಿ ಬಲವು ಸುರುಳಿ ಅಂಟಿರುವ ಒಂದು ವೃತ್ತದಲ್ಲಿ ಮಾತ್ರ ಬೀಳುತ್ತದೆ. ಪೊರೆಯ ಉಳಿದ ಭಾಗಗಳು ಅದನ್ನು ಅನುಸರಿಸಬೇಕಾಗುತ್ತದೆ. ಆವೃತ್ತಿಯು ಹೆಚ್ಚಿದಾಗ ಎಲ್ಲ ಭಾಗಗಳೂ ಏಕಕಾಲಕ್ಕೆ ಅನುಸರಿಸದೆ ಪೊರೆಯು ತನ್ನಲ್ಲಿಯೇ ಬಳುಕಬಹುದು.

ಪ್ಲಾನರ್ ಜಾತಿಯಲ್ಲಿ ಸುರುಳಿಯೇ ಇಲ್ಲ. ಕೂದಲಿಗಿಂತಲೂ ತೆಳುವಾದ, ಅಗಲವಾದ ಒಂದು ಪ್ಲಾಸ್ಟಿಕ್ ಪೊರೆಯ ಮೇಲೆ ಲೋಹದ ವಾಹಕವನ್ನು ಹಾವು ಹರಿದಂತೆ ಸಾಲುಸಾಲಾಗಿ ಮೂಡಿಸಿರುತ್ತಾರೆ. ಪೊರೆಯ ಒಂದು ಪಕ್ಕದಲ್ಲಾಗಲಿ, ಎರಡೂ ಪಕ್ಕಗಳಲ್ಲಾಗಲಿ ಅಯಸ್ಕಾಂತದ ಪಟ್ಟಿಗಳನ್ನು ಜೋಡಿಸಿರುತ್ತಾರೆ. ಪ್ರವಾಹವು ಹರಿದಾಗ ಪೊರೆಯ ಬಹುಭಾಗದ ಮೇಲೆ ಸರಿಸುಮಾರು ಒಂದೇ ಸಮನಾದ ಬಲ ಬೀಳುತ್ತದೆ. ಗದ್ದೆಯ ಒಂದು ಮೂಲೆಗೆ ಮಾತ್ರ ನೀರು ಬಿಡುವುದಕ್ಕೂ ಗದ್ದೆಯ ಮೇಲೆಲ್ಲ ಮಳೆ ಸುರಿಯುವುದಕ್ಕೂ ಇರುವ ಅಂತರವೇ ಇಲ್ಲಿಯೂ ಇದೆ. ಈ ರಚನೆಯಿಂದಾಗಿ ಮಂದ್ರಸ್ವರಗಳಲ್ಲಿ ವಿಕೃತಿ ಕಡಿಮೆಯಿರುವುದು ಇದರ ಮುಖ್ಯ ಗುಣ.

ಗುಣವಿದ್ದಲ್ಲಿ ಬೆಲೆಯೂ ಉಂಟು. ಪೊರೆಯು ಅಲುಗಾಡಲು ಸ್ಥಳ ಬೇಕಾದುದರಿಂದ ಅಯಸ್ಕಾಂತಗಳನ್ನು ವಾಹಕಕ್ಕೆ ತೀರ ಹತ್ತಿರ ಇಡಲಾಗದು. ಸುರುಳಿಯಲ್ಲಿ ಕೂಡಿಸುವಷ್ಟು ಉದ್ದದ ವಾಹಕವನ್ನು ಪೊರೆಯ ಮೇಲೆ ಕೂಡಿಸಲೂ ಆಗದು. ಬಲವು ಕಾಂತಕ್ಷೇತ್ರ, ಪ್ರವಾಹ, ವಾಹಕದ ಉದ್ದ ಈ ಮೂರರ ಗುಣಲಬ್ಧ. ಮೊದಲನೆಯದೂ ಮೂರನೆಯದೂ ಕಡಿಮೆಯಾದರೆ ಅಷ್ಟೇ ಬಲವನ್ನು ಪಡೆಯಲು ಎರಡನೆಯದು, ಎಂದರೆ ಪ್ರವಾಹವು, ಹೆಚ್ಚಲೇಬೇಕು. ಪ್ಲಾನರ್ ಹೆಡ್‌ಫೋನು ಹೆಚ್ಚು ಶಕ್ತಿಯನ್ನು ಬೇಡುತ್ತದೆಂಬ ಮಾತಿನ ಮೂಲವು ಇದೇ ಆಗಿದೆ.

೨. ಸ್ವಲ್ಪ ಇತಿಹಾಸ

ಈ ಕಲ್ಪನೆಯು ಹೊಸದಲ್ಲ. ಇಂಗ್ಲೆಂಡಿನ ವಾರ್ಫ್‌ಡೇಲ್ ಸಂಸ್ಥೆಯು ೧೯೭೦ರ ದಶಕದ ಆರಂಭದಲ್ಲಿಯೇ ಐಸೋಡೈನಮಿಕ್ ಎಂಬ ಹೆಸರಿನಿಂದ ಇಂತಹ ಹೆಡ್‌ಫೋನನ್ನು ಮಾರಿತ್ತು. ೧೯೭೬ರಲ್ಲಿ ಜಪಾನಿನ ಯಮಾಹಾ ಸಂಸ್ಥೆಯ ಎಚ್‌ಪಿ–೧ ಬಂದಿತು. ಅದರ ಆಕಾರವನ್ನು ರೂಪಿಸಿದವರು ಇಟಲಿಯ ಪ್ರಸಿದ್ಧ ವಿನ್ಯಾಸಕಾರ ಮಾರಿಯೋ ಬೆಲ್ಲಿನಿ. ಆ ಬಳಿಕ ಈ ಜಾತಿಯು ಬಹುಕಾಲ ಹಿನ್ನೆಲೆಗೆ ಸರಿಯಿತು. ೧೯೮೦ರ ದಶಕದ ಮೊದಲ ಭಾಗದಲ್ಲಿ ಶೋಧಿತವಾದ ನಿಯೋಡಿಮಿಯಮ್ ಅಯಸ್ಕಾಂತವು ಮುಂದೆ ಅಗ್ಗವಾಗಿ ದೊರೆಯತೊಡಗಿದುದು ಇದರ ಪುನರುಜ್ಜೀವನಕ್ಕೆ ಸಹಾಯಕವಾಯಿತು. ಕ್ಯಾಲಿಫೋರ್ನಿಯದ ಆಡಿಜ಼ಿ ಮತ್ತು ಚೀನದಲ್ಲಿ ತಯಾರಿಕೆಯುಳ್ಳ ಹೈಫೈಮ್ಯಾನ್ ಸಂಸ್ಥೆಗಳು ೨೦೧೦ರ ಆಸುಪಾಸಿನಲ್ಲಿ ಇದನ್ನು ಮತ್ತೆ ರಸಿಕರ ಮುಂದೆ ತಂದವು.

೩. ಎಷ್ಟು ಶಕ್ತಿ ಸಾಕು?

ಈ ಪ್ರಶ್ನೆಗೆ ಉತ್ತರ ಕೊಡಲು ಪೆಟ್ಟಿಗೆಯ ಮೇಲೆ ಬರೆದಿರುವ ಎರಡು ಅಂಕಿಗಳು ಸಾಕು. ಒಂದು ಇಂಪೀಡೆನ್ಸ್, ಎಂದರೆ ಓಮ್‌ಗಳಲ್ಲಿ ಹೇಳುವ ವಿದ್ಯುದ್ರೋಧ. ಇನ್ನೊಂದು ಸೆನ್ಸಿಟಿವಿಟಿ, ಎಂದರೆ ಸೂಕ್ಷ್ಮತೆ. ಒಂದು ಮಿಲಿವ್ಯಾಟ್ ಸಾಮರ್ಥ್ಯ ಕೊಟ್ಟಾಗ ಎಷ್ಟು ಡೆಸಿಬೆಲ್ ಧ್ವನಿ ಹುಟ್ಟುತ್ತದೆಂಬ ಲೆಕ್ಕ. ಕೆಲವು ತಯಾರಕರು ಇದನ್ನು ಒಂದು ವೋಲ್ಟಿಗೆ ಇಷ್ಟೆಂದು ಬರೆಯುವುದರಿಂದ ಅಂಕಿಯ ಪಕ್ಕದಲ್ಲಿರುವ ಮಾನವನ್ನು ಎಚ್ಚರಿಕೆಯಿಂದ ಓದಬೇಕು.

ಡೆಸಿಬೆಲ್ಲು ಲಘುಗಣಕದ ಮಾನ. ಹತ್ತು ಡೆಸಿಬೆಲ್ ಏರಿದರೆ ಸಾಮರ್ಥ್ಯವು ಹತ್ತು ಪಟ್ಟು, ಇಪ್ಪತ್ತು ಏರಿದರೆ ನೂರು ಪಟ್ಟು ಆಗುತ್ತದೆ. ಮೂರು ಡೆಸಿಬೆಲ್ಲೆಂದರೆ ಸುಮಾರು ಇಮ್ಮಡಿ. ಸಂಗೀತದ ಅತಿ ಗಟ್ಟಿಯಾದ ಕ್ಷಣಗಳಿಗಾಗಿ ೧೧೦ ಡೆಸಿಬೆಲ್ಲನ್ನು ಗುರಿಯಾಗಿ ಇಟ್ಟುಕೊಳ್ಳೋಣ. ಇದು ಕ್ಷಣಮಾತ್ರದ ಶಿಖರಕ್ಕೆ ಇಟ್ಟ ಗುರಿಯೇ ಹೊರತು ನಿರಂತರವಾಗಿ ಕೇಳತಕ್ಕ ಮಟ್ಟವಲ್ಲವೆಂಬುದನ್ನು ಮರೆಯಬಾರದು.

ಮೊದಲ ಉದಾಹರಣೆ, ೨೦೧೦ರಲ್ಲಿ ಬಂದ ಹೈಫೈಮ್ಯಾನ್ ಎಚ್‌ಇ–೬. ಇದರ ರೋಧ ೫೦ ಓಮ್, ಸೂಕ್ಷ್ಮತೆ ೮೩.೫ ಡೆಸಿಬೆಲ್. ಗುರಿಗೂ ಇದಕ್ಕೂ ಅಂತರ ೨೬.೫ ಡೆಸಿಬೆಲ್. ಇಪ್ಪತ್ತಕ್ಕೆ ನೂರು ಪಟ್ಟು, ಉಳಿದ ಆರೂವರೆಗೆ ಸುಮಾರು ನಾಲ್ಕೂವರೆ ಪಟ್ಟು. ಒಟ್ಟು ಸುಮಾರು ೪೫೦ ಮಿಲಿವ್ಯಾಟ್. ಸಾಮರ್ಥ್ಯವನ್ನು ರೋಧದಿಂದ ಗುಣಿಸಿ ವರ್ಗಮೂಲ ತೆಗೆದರೆ ೪.೭ ವೋಲ್ಟ್, ಅದನ್ನು ರೋಧದಿಂದ ಭಾಗಿಸಿದರೆ ಸುಮಾರು ೯೫ ಮಿಲಿಆಂಪಿಯರ್. ಹೆಡ್‌ಫೋನಿನ ಮಟ್ಟಿಗೆ ಇದು ನಿಜವಾಗಿಯೂ ದೊಡ್ಡ ಬೇಡಿಕೆ. ಇದಕ್ಕಾಗಿಯೇ ಕೆಲವರು ಕೋಣೆಯ ಸ್ಪೀಕರುಗಳಿಗೆಂದು ಮಾಡಿದ ಆಂಪ್ಲಿಫೈಯರುಗಳಿಗೆ ಇದನ್ನು ಜೋಡಿಸುತ್ತಿದ್ದರು.

ಎರಡನೆಯದು, ಅದೇ ಸಂಸ್ಥೆಯ ಸುಂದರಾ. ರೋಧ ೩೭ ಓಮ್, ಸೂಕ್ಷ್ಮತೆ ೯೪ ಡೆಸಿಬೆಲ್. ಅಂತರ ೧೬ ಡೆಸಿಬೆಲ್. ಬೇಕಾದುದು ಸುಮಾರು ೪೦ ಮಿಲಿವ್ಯಾಟ್, ೧.೨ ವೋಲ್ಟ್, ೩೩ ಮಿಲಿಆಂಪಿಯರ್.

ಮೂರನೆಯದು, ಆಡಿಜ಼ಿಯ ಎಲ್‌ಸಿಡಿ–ಎಕ್ಸ್. ರೋಧ ೨೦ ಓಮ್, ಸೂಕ್ಷ್ಮತೆ ೧೦೩ ಡೆಸಿಬೆಲ್. ಅಂತರ ಕೇವಲ ೭ ಡೆಸಿಬೆಲ್. ಸಾಕಾಗುವುದು ೫ ಮಿಲಿವ್ಯಾಟ್, ಎಂದರೆ ಮೂರನೆಯ ಒಂದು ಭಾಗ ವೋಲ್ಟಿಗಿಂತಲೂ ಕಡಿಮೆ.

ಮೂರೂ ಪ್ಲಾನರ್ ಜಾತಿಯವೇ. ಆದರೆ ಮೊದಲನೆಯದು ಮೂರನೆಯದಕ್ಕಿಂತ ಸುಮಾರು ತೊಂಬತ್ತು ಪಟ್ಟು ಸಾಮರ್ಥ್ಯವನ್ನು ಬೇಡುತ್ತದೆ. ಆದುದರಿಂದ “ಪ್ಲಾನರ್‌ಗೆ ಭಾರಿ ಆಂಪ್ಲಿಫೈಯರು ಬೇಕು” ಎಂಬುದು ಎಲ್ಲಕ್ಕೂ ಅನ್ವಯಿಸುವ ಮಾತಲ್ಲ; ಜಾತಿಯನ್ನು ಕೇಳದೆ ಅಂಕಿಯನ್ನು ಕೇಳಬೇಕು. ಮೊಬೈಲಿಗೆ ಸಿಕ್ಕಿಸುವ ಬೆರಳುದ್ದದ ಸಾಧನವೊಂದು ಒಂದು ವೋಲ್ಟನ್ನು ಕೊಡುತ್ತದೆಂದು ಇಟ್ಟುಕೊಳ್ಳೋಣ. ಅಗತ್ಯವಾದ ಪ್ರವಾಹವನ್ನೂ ಅದು ಒದಗಿಸಬಲ್ಲುದಾದರೆ, ಸುಂದರಾದಲ್ಲಿ ೨೭ ಮಿಲಿವ್ಯಾಟ್ ಹರಿದು ೧೦೮ ಡೆಸಿಬೆಲ್ಲಿನ ಶಿಖರ ದೊರೆಯುತ್ತದೆ. ಗುರಿಗೆ ಎರಡೇ ಡೆಸಿಬೆಲ್ ಕಡಿಮೆ. ಅದೇ ಒಂದು ವೋಲ್ಟು ಎಚ್‌ಇ–೬ರಲ್ಲಿ ೯೬.೫ ಡೆಸಿಬೆಲ್ಲನ್ನು ಮಾತ್ರ ಕೊಡುತ್ತದೆ. ಮೊದಲನೆಯದಕ್ಕೆ ಬೇರೆ ಪೆಟ್ಟಿಗೆಯ ಅಗತ್ಯವು ಬಹುಮಂದಿಗೆ ಬೀಳುವುದಿಲ್ಲ; ಎರಡನೆಯದಕ್ಕೆ ಖಂಡಿತವಾಗಿ ಬೀಳುತ್ತದೆ.

೪. ಆಂಪ್ಲಿಫೈಯರಿನ ಒಳರೋಧ

ಆಂಪ್ಲಿಫೈಯರಿನ ಒಳಗೂ ಒಂದಿಷ್ಟು ರೋಧವಿದೆ. ಹೆಡ್‌ಫೋನು ಅದರೊಡನೆ ಸರಣಿಯಲ್ಲಿ ನಿಲ್ಲುವುದರಿಂದ ವೋಲ್ಟೇಜು ಎರಡರ ನಡುವೆ ಹಂಚಿಹೋಗುತ್ತದೆ. ಸುರುಳಿಯ ಹೆಡ್‌ಫೋನಿನಲ್ಲಿ ರೋಧವು ಎಲ್ಲ ಆವೃತ್ತಿಗಳಲ್ಲಿಯೂ ಒಂದೇ ಆಗಿರುವುದಿಲ್ಲ. ೩೦೦ ಓಮ್ ಎಂದು ಬರೆದಿರುವುದು ಮಂದ್ರದ ಒಂದು ಸ್ಥಾನದಲ್ಲಿ ೫೦೦ ಓಮಿಗೆ ಏರಬಹುದು. ಒಳರೋಧವು ೧೨೦ ಓಮ್ ಇದ್ದರೆ, ಹೆಡ್‌ಫೋನಿಗೆ ಸಾಮಾನ್ಯ ಸ್ಥಾನದಲ್ಲಿ ವೋಲ್ಟೇಜಿನ ೭೧ ಪ್ರತಿಶತವೂ ಮಂದ್ರದ ಆ ಸ್ಥಾನದಲ್ಲಿ ೮೧ ಪ್ರತಿಶತವೂ ಸಲ್ಲುತ್ತದೆ. ಫಲವಾಗಿ ಮಂದ್ರವು ಸುಮಾರು ಒಂದು ಡೆಸಿಬೆಲ್ ಉಬ್ಬುತ್ತದೆ. ಸುರುಳಿಯ ಜಾತಿಯಲ್ಲಿ ಆಂಪ್ಲಿಫೈಯರಿನಿಂದ ಆಂಪ್ಲಿಫೈಯರಿಗೆ ಧ್ವನಿಯ ಬಣ್ಣ ಬದಲಾಗುವುದಕ್ಕೆ ಇದೊಂದು ನಿಜವಾದ ಕಾರಣ.

ಪ್ಲಾನರ್ ಹೆಡ್‌ಫೋನಿನ ರೋಧವಾದರೋ ಮಂದ್ರದಿಂದ ತಾರದವರೆಗೆ ಬಹುಮಟ್ಟಿಗೆ ಒಂದೇ ಗೆರೆಯಾಗಿರುತ್ತದೆ. ೩೭ ಓಮಿನ ಹೆಡ್‌ಫೋನನ್ನು ಅದೇ ೧೨೦ ಓಮಿನ ಆಂಪ್ಲಿಫೈಯರಿಗೆ ಜೋಡಿಸಿದರೆ ವೋಲ್ಟೇಜಿನ ೨೪ ಪ್ರತಿಶತ ಮಾತ್ರ ಹೆಡ್‌ಫೋನಿಗೆ ಸಲ್ಲಿ, ಧ್ವನಿಯು ಹನ್ನೆರಡೂವರೆ ಡೆಸಿಬೆಲ್ ಕುಗ್ಗುತ್ತದೆ. ಆದರೆ ಎಲ್ಲ ಸ್ವರಗಳೂ ಸಮನಾಗಿ ಕುಗ್ಗುವುದರಿಂದ ಬಣ್ಣ ಬದಲಾಗುವುದಿಲ್ಲ. ಶಕ್ತಿ ಮಾತ್ರ ವ್ಯರ್ಥವಾಗುತ್ತದೆ.

ಇದರಿಂದ ಇನ್ನೊಂದು ತೀರ್ಮಾನವೂ ಹೊರಡುತ್ತದೆ. ಒಳರೋಧ ಕಡಿಮೆಯಿರುವ ಆಂಪ್ಲಿಫೈಯರು ಪೊರೆಯನ್ನು “ಬಿಗಿಯಾಗಿ ಹಿಡಿಯುತ್ತದೆ” ಎಂದು ಹೇಳುವುದುಂಟು. ಪೊರೆಯ ಚಲನೆಯಿಂದ ವಾಹಕದಲ್ಲಿ ಹುಟ್ಟುವ ವಿರುದ್ಧ ವೋಲ್ಟೇಜಿನ ಮೂಲಕವೇ ಈ ಹಿಡಿತವು ಸಾಧ್ಯ. ಆ ವೋಲ್ಟೇಜು ಗಣನೀಯವಾಗಿದ್ದರೆ ಅನುರಣನದ ಸ್ಥಾನದಲ್ಲಿ ರೋಧವು ಸುರುಳಿಯ ಜಾತಿಯಲ್ಲಿರುವಂತೆ ಉಬ್ಬಿ ತೋರಬೇಕಾಗಿತ್ತು. ಉಬ್ಬು ಇಲ್ಲವೆಂದ ಮೇಲೆ ಹಿಡಿಯುವುದಕ್ಕೆ ಅಲ್ಲಿ ಹೆಚ್ಚೇನೂ ಇಲ್ಲವೆಂದೇ ಅರ್ಥ. ಪ್ಲಾನರ್ ಪೊರೆಯನ್ನು ಹದವಾಗಿ ಹಿಡಿಯುವುದು ಮುಖ್ಯವಾಗಿ ಸುತ್ತಲಿನ ಗಾಳಿಯೂ ಒಳಗಿನ ಬಟ್ಟೆ, ಫೆಲ್ಟುಗಳೂ ಆಗಿವೆ.

೫. ಜೋಡಿಸುವಾಗ ಗಮನಿಸತಕ್ಕ ಅಂಶಗಳು

ಮೊದಲನೆಯದಾಗಿ, ಆಂಪ್ಲಿಫೈಯರು ಎಷ್ಟು ವ್ಯಾಟ್ ಕೊಡುತ್ತದೆಂಬುದನ್ನು ನಮ್ಮ ಹೆಡ್‌ಫೋನಿನ ರೋಧಕ್ಕೆ ಸಮೀಪವಾದ ಅಂಕಿಯಲ್ಲಿಯೇ ನೋಡಬೇಕು. ೩೦೦ ಓಮಿಗೆ ಚೆನ್ನಾಗಿ ದುಡಿಯುವ ಯಂತ್ರವು ೨೦ ಓಮಿಗೆ ಪ್ರವಾಹ ಸಾಲದೆ ಸೋಲಬಹುದು. ಔಟ್‌ಪುಟ್ ಟ್ರಾನ್ಸ್‌ಫಾರ್ಮರು ಇಲ್ಲದ ವಾಲ್ವು ಆಂಪ್ಲಿಫೈಯರುಗಳು ಸಾಮಾನ್ಯವಾಗಿ ಇಂತಹವು. ಕಡಿಮೆ ರೋಧದ ಪ್ಲಾನರ್‌ಗಳಿಗೆ ಅವು ತಕ್ಕ ಜೋಡಿಯಲ್ಲ.

ಎರಡನೆಯದಾಗಿ, ಬೇಕಾದುದಕ್ಕಿಂತ ವಿಪರೀತ ಹೆಚ್ಚಿನ ವರ್ಧನೆಯೂ ದೋಷವೇ. ಎಲ್‌ಸಿಡಿ–ಎಕ್ಸ್‌ನಂತಹ ಸೂಕ್ಷ್ಮ ಹೆಡ್‌ಫೋನನ್ನು ಭಾರಿ ಯಂತ್ರಕ್ಕೆ ಜೋಡಿಸಿದರೆ ಹಾಡಿನ ವಿರಾಮಗಳಲ್ಲಿ ಸುಯ್ ಎಂಬ ಸದ್ದು ಕೇಳಬಹುದು. ಧ್ವನಿಯ ಗುಂಡಿಯನ್ನು ಸ್ವಲ್ಪವೇ ತಿರುಗಿಸಬೇಕಾಗಿ ಬಂದು, ಆ ಕೆಳಗಿನ ಸ್ಥಾನದಲ್ಲಿ ಎಡ ಬಲ ಕಿವಿಗಳ ಸಮತೂಕ ತಪ್ಪುವುದೂ ಉಂಟು. ವರ್ಧನೆಯನ್ನು ತಗ್ಗಿಸುವ ಕೀಲಿಯಿದ್ದರೆ ತಗ್ಗಿಸಿಕೊಳ್ಳುವುದೇ ಲೇಸು.

ಮೂರನೆಯದಾಗಿ, ಬ್ಯಾಲೆನ್ಸ್ಡ್ ಎಂಬ ನಾಲ್ಕು ತಂತಿಯ ಜೋಡಣೆಯಿಂದ ವೋಲ್ಟೇಜು ಇಮ್ಮಡಿಯಾಗಬಲ್ಲುದು. ಪ್ರವಾಹವು ಸಾಲುವುದಾದರೆ ಸಾಮರ್ಥ್ಯವು ನಾಲ್ಮಡಿಯಾಗುತ್ತದೆ. ಎಚ್‌ಇ–೬ರಂತಹ ಕಠಿನ ಹೆಡ್‌ಫೋನಿಗೆ ಇದು ಉಪಕಾರಿ. ಸಾಮರ್ಥ್ಯವು ಮೊದಲೇ ಸಾಕಷ್ಟಿದ್ದರೆ ಇದರಿಂದ ಹೊಸ ಲಾಭವೇನೂ ಇಲ್ಲ.

ನಾಲ್ಕನೆಯದಾಗಿ, ಸ್ಪೀಕರ್ ಆಂಪ್ಲಿಫೈಯರಿಗೆ ಹೆಡ್‌ಫೋನನ್ನು ಜೋಡಿಸಬಯಸುವವರು ಅದರ ಋಣಧ್ರುವವು ನಿಜವಾಗಿಯೂ ಭೂಸಂಪರ್ಕದ್ದೋ ಅಲ್ಲವೋ ಎಂದು ಮೊದಲು ತಿಳಿಯಬೇಕು. ಇಂದಿನ ಅನೇಕ ಯಂತ್ರಗಳಲ್ಲಿ ಅದು ಹಾಗಿಲ್ಲ. ಎಡ ಬಲಗಳ ಋಣತಂತಿಗಳು ಒಂದಾಗಿರುವ ಸಾಮಾನ್ಯ ಪ್ಲಗ್ಗನ್ನು ಅಲ್ಲಿ ಸಿಕ್ಕಿಸಿದರೆ ಯಂತ್ರವು ಸುಟ್ಟುಹೋದೀತು.

೬. ಧ್ವನಿಯನ್ನು ತೂಗುವ ಬಗೆ

ಇನ್ನು ಅತ್ಯಂತ ಸೂಕ್ಷ್ಮವಾದ ಭಾಗಕ್ಕೆ ಬರೋಣ. ಎರಡು ಆಂಪ್ಲಿಫೈಯರುಗಳಲ್ಲಿ ಯಾವುದು ಮೇಲು? ಕೇಳಿ ನೋಡಿದರಾಯಿತಲ್ಲವೇ ಎಂದು ತೋರಬಹುದು. ಆದರೆ ಕೇಳುವುದೂ ಒಂದು ಅಳತೆ. ಅಳತೆಗೆ ನಿಯಮ ಬೇಕು.

ಮೊದಲ ನಿಯಮ, ಎರಡರ ಧ್ವನಿಮಟ್ಟವನ್ನೂ ಸಮಗೊಳಿಸುವುದು. ೧೯೩೩ರಲ್ಲಿ ಫ್ಲೆಚರ್ ಮತ್ತು ಮನ್ಸನ್ ಎಂಬ ವಿಜ್ಞಾನಿಗಳು ಪ್ರಕಟಿಸಿದ ಶೋಧನೆಯು ಮಟ್ಟ ಏರಿದಂತೆ ನಮ್ಮ ಕಿವಿಗೆ ಮಂದ್ರವು ಇತರ ಸ್ವರಗಳಿಗಿಂತ ಬೇಗನೆ ತುಂಬಿ ಕೇಳುತ್ತದೆಂಬುದನ್ನು ತೋರಿಸಿಕೊಟ್ಟಿತು. ಆದುದರಿಂದ ಸ್ವಲ್ಪವೇ ಗಟ್ಟಿಯಾಗಿ ನುಡಿಯುವ ಯಂತ್ರವು ಗಟ್ಟಿಯೆಂದು ತೋರದೆ “ಹೆಚ್ಚು ತುಂಬಿದೆ, ಹೆಚ್ಚು ಸ್ಪಷ್ಟವಾಗಿದೆ” ಎಂದು ತೋರುತ್ತದೆ. ಗುಂಡಿಯನ್ನು ಕಣ್ಣಳತೆಯಿಂದ ತಿರುಗಿಸಿದರೆ ಸಾಲದು. ಹೆಡ್‌ಫೋನು ಜೋಡಿಸಿದ ಸ್ಥಿತಿಯಲ್ಲಿಯೇ ನೂರು ಹರ್ಟ್ಜ್ ಸುಮಾರಿನ ಒಂದೇ ಸ್ವರವನ್ನು ನುಡಿಸಿ, ವೋಲ್ಟ್‌ಮೀಟರಿನಿಂದ ಎರಡು ಯಂತ್ರಗಳ ವೋಲ್ಟೇಜನ್ನೂ ಅಳೆದು ಸರಿಗೂಡಿಸಬೇಕು. ಪ್ರತಿಶತ ಒಂದರಷ್ಟು ಹೊಂದಿಕೆಯಾದರೆ ಮಟ್ಟದ ಅಂತರ ೦.೧ ಡೆಸಿಬೆಲ್ಲಿಗಿಂತ ಕಡಿಮೆಯಾಗುತ್ತದೆ.

ಎರಡನೆಯ ನಿಯಮ, ಯಾವ ಯಂತ್ರವು ನುಡಿಯುತ್ತಿದೆಯೆಂಬುದು ಕೇಳುವವನಿಗೆ ತಿಳಿಯದಿರಬೇಕು. ಫ್ಲಾಯ್ಡ್ ಟೂಲ್ ಮತ್ತು ಷಾನ್ ಆಲಿವ್ ಎಂಬವರು ೧೯೯೪ರಲ್ಲಿ ಸ್ಪೀಕರುಗಳನ್ನು ಕುರಿತು ಪ್ರಕಟಿಸಿದ ಪರೀಕ್ಷೆಯಲ್ಲಿ, ಕಣ್ಣಾರೆ ಕಂಡು ಕೇಳಿದಾಗ ಕೊಟ್ಟ ಅಂಕಗಳೂ ಪರದೆಯ ಹಿಂದೆ ಇಟ್ಟು ಕೇಳಿಸಿದಾಗ ಕೊಟ್ಟ ಅಂಕಗಳೂ ಬೇರೆಯಾಗಿದ್ದುವು. ಕೇಳಿದವರು ಸುಳ್ಳುಗಾರರೆಂದು ಇದರರ್ಥವಲ್ಲ. ಬೆಲೆ, ತೂಕ, ಹೊಳಪುಗಳನ್ನು ಕಣ್ಣು ಕಂಡಾಗ ಮನಸ್ಸು ಅವನ್ನು ಕಿವಿಯ ಲೆಕ್ಕಕ್ಕೆ ಸೇರಿಸಿಬಿಡುತ್ತದೆ. ಇದು ಮಾನವಸಹಜವಾದ ಗುಣ. ಎಂತಹ ರಸಿಕನೂ ಇದಕ್ಕೆ ಹೊರತಲ್ಲ.

ಮೂರನೆಯ ನಿಯಮ, ಒಂದೆರಡು ಸಲ ಸರಿಯಾಗಿ ಹೇಳಿದುದನ್ನು ಪ್ರಮಾಣವೆಂದು ಎಣಿಸಬಾರದು. ನಾಣ್ಯ ಚಿಮ್ಮಿ ಹೇಳಿದರೂ ಅರ್ಧ ಸಲ ಸರಿಯಾಗುತ್ತದೆ. ಹತ್ತು ಸಲ ಪರೀಕ್ಷಿಸಿದರೆ ಸಾಧ್ಯವಾದ ಉತ್ತರಮಾಲೆಗಳು ಎರಡರ ಹತ್ತನೆಯ ಘಾತ, ಎಂದರೆ ೧೦೨೪. ಅವುಗಳಲ್ಲಿ ಒಂಬತ್ತು ಅಥವಾ ಹತ್ತು ಸರಿಯಿರುವವು ೧೧. ಎಂಟು ಅಥವಾ ಹೆಚ್ಚು ಸರಿಯಿರುವವು ೫೬. ಹಾಗಾಗಿ ಬರಿಯ ಅದೃಷ್ಟದಿಂದಲೇ ಎಂಟು ಅಥವಾ ಹೆಚ್ಚು ಸರಿ ಬರುವ ಸಂಭವ ನೂರಕ್ಕೆ ಐದಕ್ಕಿಂತ ಸ್ವಲ್ಪ ಹೆಚ್ಚು. ಒಂಬತ್ತು ಅಥವಾ ಹತ್ತು ಬರುವ ಸಂಭವ ನೂರಕ್ಕೆ ಸುಮಾರು ಒಂದು. ಒಂಬತ್ತು ಬಂದವನ ಮಾತನ್ನು ನಾವು ಗೌರವದಿಂದ ಕೇಳಬೇಕು. ಆರು ಬಂದವನು ಇನ್ನೂ ಏನನ್ನೂ ಸ್ಥಾಪಿಸಿಲ್ಲ.

ಈ ನಿಯಮಗಳಂತೆ ನಡೆದರೆ, ಶಕ್ತಿಯು ಸಾಕಷ್ಟಿದ್ದು ಸದ್ದಿಲ್ಲದೆ ಸಮನಾಗಿ ನುಡಿಯುವ ಎರಡು ಒಳ್ಳೆಯ ಆಂಪ್ಲಿಫೈಯರುಗಳ ನಡುವಿನ ಅಂತರವು ಹಿಡಿಯಲಾರದಷ್ಟು ಸಣ್ಣದಾಗುತ್ತದೆ. ಹೆಡ್‌ಫೋನು ಹೆಡ್‌ಫೋನುಗಳ ನಡುವಿನ ಅಂತರವಾದರೋ ಯಾರಿಗೂ ತಿಳಿಯುವಷ್ಟು ದೊಡ್ಡದು. ಕಿವಿಯ ಸುತ್ತಲಿನ ಮೆತ್ತೆಯು ಸವೆದರೆ, ಅಥವಾ ಕನ್ನಡಕದ ಕಡ್ಡಿಯಿಂದ ಸಂದು ಬಿಟ್ಟುಕೊಂಡರೆ, ಮಂದ್ರವು ಸೋರಿಹೋಗಿ ಆಗುವ ಬದಲಾವಣೆಯು ಆಂಪ್ಲಿಫೈಯರು ಬದಲಿಸಿದರೆ ಆಗುವುದಕ್ಕಿಂತ ಎಷ್ಟೋ ಹೆಚ್ಚು. ಹೊಸ ಯಂತ್ರಕ್ಕೆ ಹಣ ತೆರುವ ಮೊದಲು ಹಳೆಯ ಮೆತ್ತೆಯನ್ನು ಬದಲಿಸಿ ನೋಡುವುದು ವಿವೇಕ.

ಹೆಡ್‌ಫೋನನ್ನು ತೂಗುವಾಗ ನಮಗೆ ಪ್ರತ್ಯಕ್ಷವಾಗಿ ಪರಿಚಯವಿರುವ ನಾದಗಳೇ ಅತ್ಯುತ್ತಮವಾದ ತೂಕದ ಕಲ್ಲುಗಳು. ಯಕ್ಷಗಾನದ ಬಯಲಿನಲ್ಲಿ ಚೆಂಡೆಯ ಪೆಟ್ಟನ್ನು ಹತ್ತಿರದಿಂದ ಕೇಳಿದವನಿಗೆ ಧ್ವನಿಮುದ್ರಿಕೆಯಲ್ಲಿ ಅದರ ಮೊನೆ ಮೊಂಡಾಯಿತೇ ಎಂಬುದು ಕೂಡಲೇ ತಿಳಿಯುತ್ತದೆ. ಮೃದಂಗದ ಎಡಮುಖದ ಗುಂಕಾರವು ಮಂದ್ರವನ್ನೂ, ತಂಬೂರಿಯ ಜೀವಾಳದ ಝೇಂಕಾರವು ಮೇಲಿನ ಉಪಸ್ವರಗಳನ್ನೂ ಪರೀಕ್ಷಿಸುತ್ತವೆ. ಕನ್ನಡದ ಮಾತಿನಲ್ಲಿ ಸ, ಶ, ಷ ಅಕ್ಷರಗಳು ಕಿವಿಯನ್ನು ಚುಚ್ಚಿದರೆ ಐದರಿಂದ ಎಂಟು ಸಾವಿರ ಹರ್ಟ್ಜ್‌ಗಳ ಸುತ್ತ ಉಬ್ಬು ಇದೆಯೆಂದು ಊಹಿಸಬಹುದು. “ಮಧುರ”, “ಗಾಢ” ಎಂಬ ಪದಗಳಿಗಿಂತ ಇಂತಹ ನಿರ್ದಿಷ್ಟವಾದ ಗುರುತುಗಳೇ ಇನ್ನೊಬ್ಬರಿಗೆ ಉಪಯೋಗವಾಗುವುವು.

೭. ಕಿವಿಯ ರಕ್ಷಣೆ

ಪ್ಲಾನರ್ ಹೆಡ್‌ಫೋನಿನ ಗುಣವೇ ಒಂದು ಅಪಾಯಕ್ಕೂ ಕಾರಣವಾಗಬಲ್ಲುದು. ಧ್ವನಿಯು ಒಡೆದು ಕರ್ಕಶವಾದಾಗ “ಇದು ಗಟ್ಟಿಯಾಯಿತು” ಎಂದು ನಾವು ಗುಂಡಿಯನ್ನು ತಗ್ಗಿಸುತ್ತೇವೆ. ವಿಕೃತಿ ಕಡಿಮೆಯಿರುವ ಯಂತ್ರದಲ್ಲಿ ಈ ಎಚ್ಚರಿಕೆಯ ಗಂಟೆ ಬಾರಿಸುವುದಿಲ್ಲ. ಧ್ವನಿಯು ನಿರ್ಮಲವಾಗಿಯೇ ಅಪಾಯದ ಮಟ್ಟವನ್ನು ಮುಟ್ಟುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯೂ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟವೂ ೨೦೧೯ರಲ್ಲಿ ಹೊರಡಿಸಿದ ಮಾನದಂಡದಂತೆ ವಯಸ್ಕರಿಗೆ ವಾರಕ್ಕೆ ೪೦ ಗಂಟೆಗಳ ಕಾಲ ೮೦ ಡೆಸಿಬೆಲ್, ಮಕ್ಕಳಿಗೆ ಅಷ್ಟೇ ಕಾಲಕ್ಕೆ ೭೫ ಡೆಸಿಬೆಲ್ ಮಿತಿ. ಪ್ರತಿ ಮೂರು ಡೆಸಿಬೆಲ್ಲಿಗೂ ಕಾಲವು ಅರ್ಧವಾಗುತ್ತ ಹೋಗುತ್ತದೆ. ವಯಸ್ಕನಿಗೆ ೮೩ ಡೆಸಿಬೆಲ್ಲಿನಲ್ಲಿ ೨೦ ಗಂಟೆ, ೮೬ರಲ್ಲಿ ೧೦, ೮೯ರಲ್ಲಿ ೫, ೯೨ರಲ್ಲಿ ಎರಡೂವರೆ. ಒಳಗಿವಿಯ ರೋಮಕೋಶಗಳು ಒಮ್ಮೆ ನಾಶವಾದರೆ ಮನುಷ್ಯನಲ್ಲಿ ಮರಳಿ ಬೆಳೆಯುವುದಿಲ್ಲ. ಯಾವ ಆಂಪ್ಲಿಫೈಯರೂ ಆ ನಷ್ಟವನ್ನು ತುಂಬಿಕೊಡಲಾರದು.

ಒಟ್ಟಿನಲ್ಲಿ, ಮೊದಲು ಕಿವಿಯನ್ನು ಕಾಪಾಡಿಕೊಳ್ಳಬೇಕು. ಬಳಿಕ ಒಳ್ಳೆಯ ಹೆಡ್‌ಫೋನನ್ನು ಆರಿಸಬೇಕು. ಅದರ ಎರಡು ಅಂಕಿಗಳಿಂದ ಬೇಕಾದ ಶಕ್ತಿಯನ್ನು ಲೆಕ್ಕಹಾಕಿ, ಅಷ್ಟನ್ನು ಕೊಡುವ ಸರಳವಾದ ಆಂಪ್ಲಿಫೈಯರನ್ನು ಕೊಳ್ಳಬೇಕು. ಉಳಿದ ಹಣವು ಸಂಗೀತಕ್ಕೂ ಪುಸ್ತಕಕ್ಕೂ ಸಲ್ಲಲಿ. ಯಾರ ಮಾತನ್ನೂ ಅಳೆಯದೆ ಒಪ್ಪದಿರುವುದು, ಅಳೆದು ಸಿದ್ಧವಾದುದನ್ನು ಯಾರು ಹೇಳಿದರೂ ಒಪ್ಪುವುದು, ಇವೆರಡೇ ವಿಜ್ಞಾನವು ವಿದ್ಯಾರ್ಥಿಗೆ ಕಲಿಸುವ ಮುಖ್ಯ ಪಾಠ.

ಅಭ್ಯಾಸ

(೧) ೪೦ ಓಮ್ ರೋಧವೂ ಒಂದು ಮಿಲಿವ್ಯಾಟಿಗೆ ೯೦ ಡೆಸಿಬೆಲ್ ಸೂಕ್ಷ್ಮತೆಯೂ ಇರುವ ಹೆಡ್‌ಫೋನಿನಿಂದ ೧೧೦ ಡೆಸಿಬೆಲ್ ಪಡೆಯಲು ಬೇಕಾಗುವ ಸಾಮರ್ಥ್ಯ, ವೋಲ್ಟೇಜು, ಪ್ರವಾಹಗಳೆಷ್ಟು?

(೨) ಅದೇ ಹೆಡ್‌ಫೋನನ್ನು ೪೦ ಓಮ್ ಒಳರೋಧದ ಆಂಪ್ಲಿಫೈಯರಿಗೆ ಜೋಡಿಸಿದರೆ ವೋಲ್ಟೇಜಿನ ಎಷ್ಟು ಭಾಗವು ಹೆಡ್‌ಫೋನಿಗೆ ಸಲ್ಲುತ್ತದೆ? ಧ್ವನಿಯ ಬಣ್ಣ ಬದಲಾಗುವುದೇ?

(೩) ಐದು ಸಲದ ಪರೀಕ್ಷೆಯಲ್ಲಿ ಐದೂ ಸಲ ಅದೃಷ್ಟದಿಂದಲೇ ಸರಿಯಾಗಿ ಹೇಳುವ ಸಂಭವವೆಷ್ಟು?

ಉತ್ತರಗಳು: (೧) ೧೦೦ ಮಿಲಿವ್ಯಾಟ್, ೨ ವೋಲ್ಟ್, ೫೦ ಮಿಲಿಆಂಪಿಯರ್. (೨) ಅರ್ಧ ಭಾಗ. ಹೆಡ್‌ಫೋನು ಪ್ಲಾನರ್ ಜಾತಿಯದಾದರೆ ಬಣ್ಣ ಬದಲಾಗದು. (೩) ಮೂವತ್ತೆರಡರಲ್ಲಿ ಒಂದು.